ಪೆನ್ಸಿಲ್ ಮೇಡಂ ಮತ್ತು ಮಾವನವರ ಕುರ್ಚಿ

ನಿಯಮ ಬರೆಯುವವರಿಗೆ ಅನುಮಾನವೇ ಬಂಡವಾಳ. ಸಾರಿಗೆ ಇಲಾಖೆಯ ಕರಡು ವಿಭಾಗದಲ್ಲಿ ಕೂತು, ಜನ ಯಾವ ಸಂದಿಯಲ್ಲಿ ನುಸುಳಿಯಾರು ಎಂದು ಯೋಚಿಸಿ ಯೋಚಿಸಿ ನನಗೆ ಮನೆಯ ಹಾಲಿನವನ ಮೇಲೂ ನಂಬಿಕೆ ಹೋಗಿದೆ. ಅದರಲ್ಲೂ ಈ ಬ್ಯಾಟರಿ ಗಾಡಿಗಳು ಬಂದಮೇಲೆ ನಮ್ಮ ತಲೆ ಕೆಟ್ಟು ಕೆರ ಹಿಡಿದಿತ್ತು. ಸ್ಕೂಟರಿಗೆ ನಿಯಮ ಮಾಡಿದರೆ ಅಂಗಡಿಯವರು ಅದಕ್ಕೇ ಎರಡು ಪೆಡಲ್ ಸಿಕ್ಕಿಸಿ ಸೈಕಲ್ ಎನ್ನುತ್ತಿದ್ದರು. ಸೈಕಲ್ಲಿಗೂ ಮಾಡಿದೆವು. ಪೆಡಲ್ ಕಿತ್ತು, ಇದು ನಿಂತು ಓಡಿಸುವ ಹಲಗೆ ಎಂದರು.

ಅಷ್ಟರಲ್ಲಿ ಒಂದು ವಸತಿ ಕಟ್ಟಡದ ಮೆಟ್ಟಿಲಡಿ ಚಾರ್ಜಿಗಿಟ್ಟಿದ್ದ ಗಾಡಿಗೆ ಬೆಂಕಿ ಹತ್ತಿಕೊಂಡಿತು. ಮೇಲಿನ ಮನೆಯವರು ಮಕ್ಕಳನ್ನು ಎತ್ತಿಕೊಂಡು ಪಕ್ಕದ ತಾರಸಿಗೆ ಹಾರಿ ಜೀವ ಉಳಿಸಿಕೊಂಡರು. ಸಂಜೆಯೊಳಗೆ ನಿಯಮ ಬೇಕೆಂದು ಮೇಲಿನಿಂದ ಆಜ್ಞೆ ಬಂತು. ನಾವು ಐದು ಮಂದಿ ಬಾಗಿಲು ಹಾಕಿಕೊಂಡು ಕೂತೆವು. ಈ ಸಲ ಯಾರೂ ಹೆಸರು ಬದಲಿಸಿ ತಪ್ಪಿಸಿಕೊಳ್ಳಬಾರದು ಎಂದು ಹಲ್ಲು ಕಚ್ಚಿ ಬರೆದೆವು: "ಚಕ್ರಗಳಿದ್ದು ಬ್ಯಾಟರಿಯಿಂದ ಚಲಿಸುವ ಯಾವುದೇ ಸಾಧನವನ್ನು ವಾಸದ ಕಟ್ಟಡದೊಳಗೆ ಚಾರ್ಜ್ ಮಾಡತಕ್ಕದ್ದಲ್ಲ." ಇರುವೆಯೂ ನುಸುಳದ ವಾಕ್ಯ ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು. ಆ ವಾಕ್ಯಕ್ಕೆ ಮೊದಲು ಸಿಕ್ಕಿಬಿದ್ದವರು ನನ್ನ ಮಾವ.

ಮಾವನವರಿಗೆ ಸೊಂಟದ ಕೆಳಗೆ ಬಲವಿಲ್ಲ. ಅವರು ಓಡಾಡುವುದು ಬ್ಯಾಟರಿ ಕುರ್ಚಿಯಲ್ಲಿ. ಅದಕ್ಕೆ ನಾಲ್ಕು ಚಕ್ರ. ಅದನ್ನು ಚಾರ್ಜ್ ಮಾಡುವುದು ಇಲಾಖೆಯ ವಸತಿಗೃಹದ ನಮ್ಮ ನಡುಮನೆಯಲ್ಲಿ. ನಿಯಮ ಪ್ರಕಟವಾದ ಬೆಳಿಗ್ಗೆ ಅವರು ಪೇಪರನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಬಗ್ಗಿ ಪ್ಲಗ್ ಕಿತ್ತರು.

"ಮಾವ, ಅದು ಸ್ಕೂಟರ್‌ಗೆ ಮಾಡಿದ್ದು," ಅಂದೆ.

"ಸ್ಕೂಟರ್ ಅಂತ ಎಲ್ಲಿದೆ? ಯಾವುದೇ ಸಾಧನ ಅಂತಿದೆ. ಚೆನ್ನಾಗೇ ಬರ್ದಿದೀರಿ."

"ಮನೆಯೊಳಗೆ ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ."

ಅವರೂ ಇದೇ ಇಲಾಖೆಯಲ್ಲಿ, ಇದೇ ವಿಭಾಗದಲ್ಲಿ ಕೂದಲು ನರೆಸಿಕೊಂಡವರು. ಹೊಸ ನಿಯಮವನ್ನು ಒಂದು ವರ್ಷ ಯಾರೂ ಮುಟ್ಟಬಾರದೆಂಬ ಪದ್ಧತಿ ತಂದವರೂ ಅವರೇ. ಆಫೀಸಿನಲ್ಲಿ ಅದಕ್ಕೆ "ಹಸಿ ಗೋಡೆ" ಎಂದು ಹೆಸರು. ಹಸಿ ಗೋಡೆಗೆ ಒರಗಿದರೆ ಗೋಡೆಯೂ ಕೆಟ್ಟೀತು, ಅಂಗಿಯೂ ಕೆಟ್ಟೀತು ಎನ್ನುತ್ತಿದ್ದರಂತೆ. ವಿನಾಯಿತಿ ಕೇಳಿಕೊಂಡು ಬಂದ ಎಷ್ಟು ಜನರನ್ನು ಅವರು ನೀರು ಕೊಟ್ಟು, ಸಮಾಧಾನ ಹೇಳಿ, ಬರಿಗೈಯಲ್ಲಿ ಕಳಿಸಿದ್ದರೋ. ಈಗ ತನಗೊಂದು, ಊರಿಗೊಂದು ಮಾಡುವ ಜಾಯಮಾನ ಅವರದಲ್ಲ.

ಕುರ್ಚಿ ನಿಂತರೆ ಮಾವ ಮನೆಯಲ್ಲಿ ಕೂತಿರಬಹುದಿತ್ತು. ಕಷ್ಟ ಅತ್ತೆಯದು. ಪಾರ್ಶ್ವವಾಯು ಹೊಡೆದು ಬಲಗೈ ಹೋಗಿ, ಮಾತೂ ಮುಕ್ಕಾಲು ಹೋದಮೇಲೆ ಅವರನ್ನು ದಿಬ್ಬದ ಮೇಲಿನ ಆರೈಕೆ ಕೇಂದ್ರದಲ್ಲಿ ಇಟ್ಟಿದ್ದೆವು. ದಿನಾ ಮಧ್ಯಾಹ್ನ ಮಾವ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ದಿಬ್ಬ ಹತ್ತುತ್ತಿದ್ದರು. ಅತ್ತೆ ಅವರ ಕೈಯಿಂದ ಮಾತ್ರ ಉಣ್ಣುತ್ತಿದ್ದರು. ನರ್ಸ್ ಬಂದರೆ ತುಟಿ ಬಿಗಿಯುತ್ತಿದ್ದರು.

ಕುರ್ಚಿ ನಿಂತ ದಿನ ನಾನೇ ರಜೆ ಹಾಕಿ ಡಬ್ಬಿ ಹಿಡಿದು ಹೋದೆ. ಅತ್ತೆ ನನ್ನನ್ನು ನೋಡಿ ಅರ್ಧ ನಕ್ಕರು. ಚಮಚ ಎತ್ತಿದೆ. ಅವರ ಕಣ್ಣು ಬಾಗಿಲಿಗೆ ಹೋಯಿತು, ಬಾಯಿ ತೆರೆಯಲಿಲ್ಲ. ಮರುದಿನವೂ ಅದೇ ಕಥೆ. ಬೆಳಗಿನ ಒಂದಿಷ್ಟು ಹಾಲು ಬಿಟ್ಟರೆ ಏನೂ ಒಳಗೆ ಹೋಗುತ್ತಿರಲಿಲ್ಲ.

ನನ್ನ ಗಂಡ ಭಾನುವಾರ ಅಪ್ಪನನ್ನು ಕುರ್ಚಿ ಸಮೇತ ತಳ್ಳಿಕೊಂಡು ದಿಬ್ಬ ಹತ್ತಲು ಹೊರಟರು. ಅರ್ಧ ದಾರಿಯಲ್ಲಿ ಕುರ್ಚಿ ಹಿಂದಕ್ಕೆ ಜಾರತೊಡಗಿ, ಇವರು ಕಾಲು ಊರಿ, ಬೆನ್ನು ಉಳುಕಿಸಿಕೊಂಡು, ಇಬ್ಬರೂ ಪೆಚ್ಚು ಮೋರೆ ಹಾಕಿಕೊಂಡು ವಾಪಸು ಬಂದರು. ಕಾರಿಗೆ ಕೂರಿಸಬೇಕಾದರೆ ಇಬ್ಬರು ಎತ್ತಬೇಕು. ಎತ್ತಿಸಿಕೊಳ್ಳಲು ಮಾವ ಸುತಾರಾಂ ಒಪ್ಪಲಿಲ್ಲ. ಸಾರ್ವಜನಿಕ ಚಾರ್ಜಿಂಗ್ ಜಾಗ ಊರಾಚೆಯ ಬಸ್ ಡಿಪೋದಲ್ಲಿತ್ತು. ಅಲ್ಲಿಗೆ ಹೋಗಲು ಕುರ್ಚಿಗೆ ಚಾರ್ಜ್ ಬೇಕಿತ್ತು. ಮನೆ ಹಿಂದೆಯೇ ನಮ್ಮ ಆಫೀಸು ಇದೆಯಲ್ಲ, ಅದೇನೂ ವಾಸದ ಕಟ್ಟಡ ಅಲ್ಲವಲ್ಲ ಎಂದೆ. "ಸರ್ಕಾರದ ಕರೆಂಟು ಸ್ವಂತಕ್ಕಾ?" ಎಂದು ನನ್ನನ್ನೇ ಕಳ್ಳಿಯ ಹಾಗೆ ನೋಡಿದರು. ಅವರು ಮಲಗಿದಾಗ ಪ್ಲಗ್ ಹಾಕಿದೆ. ಸದ್ದಿಗೇ ಎದ್ದು ಕಿತ್ತಿಸಿದರು. ಆಗ ನಿಜವಾಗಿ ಸಿಟ್ಟು ಬಂತು. ನಿಯಮದ ಮೇಲಲ್ಲ, ಅವರ ಮೇಲೆ.

"ಸೋಮವಾರ ಅಹವಾಲು ಸಭೆ ಇದೆ. ಬಂದು ಹೇಳಿ," ಅಂದೆ.

"ಪೆನ್ಸಿಲ್ ಮೇಡಂ ಹತ್ರಾನಾ?"

ಪೆನ್ಸಿಲ್ ಮೇಡಂ ಅಂದರೆ ನಮ್ಮ ಹೊಸ ನಿರ್ದೇಶಕಿ. ಕರಡನ್ನು ಪೆನ್ಸಿಲಿನಲ್ಲೇ ತಿದ್ದುವವರು. ಈ ಬ್ಯಾಟರಿ ಗಾಡಿಗಳು ಆರು ತಿಂಗಳಲ್ಲಿ ಏನಾಗುತ್ತವೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಗೊತ್ತಿರುವಷ್ಟು ಬರೆಯೋಣ, ಪ್ರತಿ ಸೋಮವಾರ ಜನರನ್ನು ಕೇಳಿ ತಿದ್ದೋಣ ಎಂದು ಬಂದ ದಿನವೇ ಹೇಳಿದ್ದರು. ಆದರೆ ತೊಂದರೆಗೆ ಸಿಕ್ಕವರೇ ಬಂದು ಬಾಯಿಬಿಡಬೇಕು. ಇಲಾಖೆಯವಳಾದ ನಾನು ಮಾವನ ಪರ ಮಾತಾಡುವ ಹಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರೈಕೆ ಕೇಂದ್ರದಿಂದ ಫೋನ್ ಬಂತು. ನಾಳೆವರೆಗೆ ನೋಡುತ್ತೇವೆ, ಆಮೇಲೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು. ಮಾವನವರಿಗೆ ಹೇಳಿದೆ. ನಾನು ಕುರ್ಚಿಯ ಗೇರ್ ಸಡಿಲಿಸಿ ಆಫೀಸಿನ ಕಡೆ ತಳ್ಳಿದೆ. ಬೇಡ ಎನ್ನಲಿಲ್ಲ.

ಸಭಾಂಗಣದಲ್ಲಿ ನಮಗಿಂತ ಮುಂಚೆ ಒಬ್ಬ ಟೈಲರಮ್ಮ ನಿಂತಿದ್ದಳು. ಬಟ್ಟೆ ತಲುಪಿಸುವ ಗಾಡಿಯನ್ನು ಅಂಗಳದಲ್ಲಿ ಚಾರ್ಜ್ ಮಾಡಬಹುದಾ ಎಂದು ಅವಳ ಪ್ರಶ್ನೆ. ಅಂಗಳ ಅಂದರೆ ಕಟ್ಟಡದೊಳಗೋ ಹೊರಗೋ ಎಂದು ನಮ್ಮ ಐವರಲ್ಲೇ ಜಗಳ ಹತ್ತಿತು. ಬೆಂಕಿ ಬಿದ್ದ ಕಟ್ಟಡದ ಯಜಮಾನ ಎದ್ದು, "ಒಂದಿಂಚೂ ಸಡಿಲ ಮಾಡ್ಬೇಡಿ, ನನ್ನ ಮೊಮ್ಮಕ್ಕಳನ್ನ ಎತ್ಕೊಂಡು ಪಕ್ಕದ ತಾರಸಿಗೆ ಹಾರಿದ್ದು," ಎಂದ. ಅವನು ಹೇಳಿದ್ದರಲ್ಲೂ ತಪ್ಪಿರಲಿಲ್ಲ.

"ಹಿರಿಯರು ಏನೋ ಹೇಳ್ಬೇಕಿತ್ತು," ಎಂದು ನಿರ್ದೇಶಕಿ ಮಾವನ ಕಡೆ ತಿರುಗಿದರು.

ಮಾವ ಬೆನ್ನು ನೆಟ್ಟಗೆ ಮಾಡಿ ಕೂತರು. "ದಿನಕ್ಕೊಂದು ನಿಯಮ ಅಂದ್ರೆ ಜನ ಯಾವುದನ್ನ ನಂಬ್ಕೊಂಡು ಬದುಕ್ಬೇಕು? ದುಡಿದು ತಿನ್ನೋರು ದಿನಾ ಬಂದು ನಿಮ್ಮ ಬೋರ್ಡ್ ಓದೋಕಾಗುತ್ತಾ?"

ಮುಗಿಯಿತು ಕಥೆ ಅಂದುಕೊಂಡೆ. ಹೆಂಡತಿಗೆ ನಳಿಕೆ ಹಾಕುವ ಹೊತ್ತಿನಲ್ಲಿ ಇವರು ಪಾಠ ಶುರು ಮಾಡಿದ್ದರು. ನಿರ್ದೇಶಕಿ ಮಾತ್ರ ತಲೆಯಾಡಿಸಿ, "ಅದು ಸರೀನೇ," ಎಂದರು. "ಆದ್ರೆ ನೀವು ಅದಕ್ಕೇ ಬಂದಿದ್ದಾ?"

ಮಾವ ತಮ್ಮ ಮಂಡಿ ನೋಡಿಕೊಂಡರು. ಅವರು ಯಾರ ಎದುರೂ ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

"ನನ್ನ ಹೆಂಡತಿ ಹಸ್ಕೊಂಡಿದಾಳೆ," ಎಂದರು. "ನಾನು ಹೋಗ್ದೆ ಉಣ್ಣಲ್ಲ. ಈ ಕುರ್ಚಿ ಇಲ್ದೆ ನಾನು ಹೋಗೋಕಾಗಲ್ಲ." ನಾನು ಕಿಟಕಿಯ ಕಡೆ ತಿರುಗಿದೆ.

ಬೆಂಕಿ ಕಂಡ ಆ ಯಜಮಾನನೇ ಮೊದಲು ಮಾತಾಡಿದ. "ಕುರ್ಚಿಗೆ ಬಿಡಿ ಮೇಡಂ. ಪಕ್ಕದಲ್ಲಿ ಯಾರಾದ್ರೂ ಎಚ್ಚರ ಇದ್ರೆ ಸಾಕು. ನಮ್ಮಲ್ಲಿ ಎಲ್ಲಾ ಮಲಗಿದ್ರು, ಅದಕ್ಕೇ ಹಂಗಾಯ್ತು."

ನಿರ್ದೇಶಕಿ ಪೆನ್ಸಿಲ್ ಎತ್ತಿಕೊಂಡರು. ಪಕ್ಕದಲ್ಲಿ ಎಚ್ಚರವಾಗಿ ಯಾರಾದರೂ ಇದ್ದರೆ ಇಂಥ ಕುರ್ಚಿಯನ್ನು ಮನೆಯೊಳಗೆ ಚಾರ್ಜ್ ಮಾಡಬಹುದು ಎಂದು ಬರೆದು ಓದಿದರು. ಮಾವ ಅದನ್ನು ಕೇಳಿಸಿಕೊಂಡು, ಹಳೇ ಚಾಳಿ ಬಿಡದೆ, ಎರಡು ಕಡೆ ತಿದ್ದಿಸಿದರು. ಆಮೇಲೆ ಯಾರೂ ಕೇಳದಿದ್ದರೂ ಒಂದು ಮಾತು ಸೇರಿಸಿದರು: "ಸಡಿಲ ಮಾಡೋದಾದ್ರೆ ಇವತ್ತೇ ಮಾಡಿ. ಬಿಗಿ ಮಾಡೋದಾದ್ರೆ ಜನಕ್ಕೆ ಮೊದಲೇ ತಿಳಿಸಿ, ಟೈಮ್ ಕೊಡಿ. ಹಂಗಾದ್ರೆ ಎಷ್ಟು ಸಲ ಬೇಕಾದ್ರೂ ತಿದ್ಕೊಳಿ." ನಿರ್ದೇಶಕಿ ಅದನ್ನೂ ಬರೆದುಕೊಂಡರು. ಹಸಿ ಗೋಡೆಯ ಪದ್ಧತಿ ತಂದವರೇ ಅದನ್ನು ಕೆಡವಿದ್ದು ಆಫೀಸಿನಲ್ಲಿ ಸಂಜೆಯವರೆಗೂ ಮಾತಾಯಿತು.

ಅಂದು ನಾನು ಕುರ್ಚಿಯ ಪಕ್ಕದಲ್ಲೇ ಕೂತು ಚಾರ್ಜ್ ಮಾಡಿಸಿದೆ. ಮರುದಿನ ಮಧ್ಯಾಹ್ನ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ದಿಬ್ಬ ಹತ್ತಿದರು. ನಾನು ಹಿಂದೆ ಏದುಸಿರು ಬಿಡುತ್ತಾ ನಡೆದೆ.

ಬಾಗಿಲಲ್ಲೇ ನರ್ಸ್ ಸಿಕ್ಕಳು. "ಬೆಳಿಗ್ಗೆ ನಳಿಕೆ ತಂದು ತೋರಿಸ್ದೆ. ಅಮ್ಮ ನನ್ನ ಕೈಯಿಂದ ಚಮಚಾನೇ ಕಿತ್ಕೊಂಡ್ರು. ಎಡಗೈಲಿ ತಾವೇ ತಿಂದ್ರು ನೋಡಿ," ಎಂದು ಹಿಗ್ಗಿನಿಂದ ಹೇಳಿದಳು.

ಮಾವನವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಾಸಿಗೆಯ ಪಕ್ಕಕ್ಕೆ ಹೋಗಿ, ಡಬ್ಬಿ ತೆರೆದು, ರೂಢಿಯಂತೆ ಚಮಚ ಎತ್ತಿದರು. ಅತ್ತೆ ಅವರ ಮುಖವನ್ನು ಕಣ್ತುಂಬ ನೋಡಿದರು. ಆಮೇಲೆ ಎಡಗೈ ಚಾಚಿ, ಮೆಲ್ಲಗೆ ಚಮಚ ತೆಗೆದುಕೊಂಡರು. ಅರ್ಧ ಸೆರಗಿನ ಮೇಲೆ ಬಿತ್ತು. ಒರೆಸಲು ಹೋದ ಮಾವನ ಕೈ ಅಲ್ಲೇ ನಿಂತಿತು. ಇಷ್ಟಕ್ಕಾಗಿ ಅವರು ಹುಟ್ಟುಗುಣ ಮುರಿದುಕೊಂಡು, ನಾಲ್ಕು ಜನರೆದುರು ಬೇಡಿಕೊಂಡು ಬಂದಿದ್ದರು. ಅವರಿಗೆ ಖುಷಿಯಾಗಿತ್ತು, ಇನ್ನು ತಾನು ಬೇಡವಾದೆನೇನೋ ಎಂದು ಪೆಚ್ಚೂ ಆಗಿತ್ತು. ಎರಡೂ ಮುಖದಲ್ಲೇ ಕಾಣುತ್ತಿದ್ದವು.

"ಹಂಗಾದ್ರೆ ನಾನಿನ್ನು ಬರೋದೇನೂ ಬೇಕಿಲ್ಲ," ಎಂದರು. ತಮಾಷೆಯಾಗಿ ಹೇಳಲು ಹೋಗಿದ್ದರು, ಆಗಲಿಲ್ಲ.

ಅತ್ತೆ ಬಾಯಲ್ಲಿದ್ದುದನ್ನು ನುಂಗಿದರು. ಒಂದೊಂದು ಮಾತಿಗೂ ಅವರು ಹೆಣಗಬೇಕು. ನಾವು ಕಾದೆವು.

"ಬನ್ನಿ," ಎಂದರು. ಇನ್ನಷ್ಟು ಹೊತ್ತು ತುಟಿ ಅಲುಗಾಡಿತು. "ನೀವೂ... ಇಲ್ಲೇ... ಉಣ್ಣಿ."

ಮಾವ ಅತ್ತೆಯ ಸೆರಗನ್ನು ಒರೆಸಿದರು, ಕನ್ನಡಕ ತೆಗೆದು ಅದನ್ನೂ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಕೇಳಿಸ್ತೇನಮ್ಮ? ನಾಳೆಯಿಂದ ನಂಗೂ ಕಟ್ಟಿಕೊಡು," ಎಂದರು.