ಹಗ್ಗದ ಸವಕಳಿ

ರಸೀದಿ ಡಬ್ಬದ ಮುಚ್ಚಳ ತೆಗೆದ ಕೂಡಲೇ ಮರದ ಹೊಟ್ಟು ಮೇಜಿನ ಮೇಲೆಲ್ಲ ಉದುರಿತು. ಮರವೈದ್ಯ ಬದುಕಿದ್ದಾಗಲೂ ಹೀಗೇ. ಅವನ ಒಂದೊಂದು ಕಾಗದವನ್ನೂ ಕೊಡವಿ ಕೊಡವಿ ಓದಬೇಕಾಗುತ್ತಿತ್ತು. ತೆರಿಗೆ ಲೆಕ್ಕ ಬರೆದುಕೊಡುವ ಲೆಕ್ಕಿಗ ಪ್ರತಿ ವರ್ಷ ಸೀನುತ್ತಲೇ ಬೈಯುತ್ತಿದ್ದ. ಈ ಸಲ ಬೈಸಿಕೊಳ್ಳುವವನು ಇರಲಿಲ್ಲ. ಎರಡು ತಿಂಗಳ ಹಿಂದೆ, ಮರ ಹತ್ತಿ ಒಣಕೊಂಬೆ ಸವರುವಾಗ ಹಗ್ಗ ಹರಿದು, ನಲವತ್ತು ಅಡಿ ಮೇಲಿಂದ ಬಿದ್ದು ಸತ್ತಿದ್ದ. ಡಬ್ಬ ಹೊತ್ತು ತಂದವಳು ಅವನ ಹೆಂಡತಿ.

"ಸತ್ತೋರೂ ತೆರಿಗೆ ಕಟ್ಬೇಕಾ?" ಎಂದಳು, ನಿಂತೇ.

"ಬದುಕಿದ್ದಷ್ಟು ದಿನದ್ದು ಲೆಕ್ಕ ಕೊಡ್ಬೇಕಮ್ಮ. ಕೂತ್ಕೊಳ್ಳಿ."

ಅವಳು ಸ್ಟೂಲಿನ ಮೇಲೆ ಕೂತಳು. ದಪ್ಪ ಕಾಂಡದಿಂದ ಕೊಯ್ದ ದುಂಡು ಬಿಲ್ಲೆಗೆ ಮೂರು ಕಾಲು ಜೋಡಿಸಿದ ಆ ಸ್ಟೂಲು ಮರವೈದ್ಯನೇ ಮಾಡಿದ್ದು. ಎಂಟು ವರ್ಷದ ಹಿಂದೆ ಫೀಸು ಕೊಡಲು ಕೈಯಲ್ಲಿ ಕಾಸಿಲ್ಲದಾಗ ಹೆಗಲ ಮೇಲೆ ಹೊತ್ತು ತಂದು ಇಳಿಸಿ, ಸುತ್ತುಗಳ ಮೇಲೆ ಬೆರಳಾಡಿಸಿದ್ದ. "ನೋಡಿ, ಮರಾನೂ ನಿಮ್ಮ ಜಾತೀನೇ. ವರ್ಷಕ್ಕೊಂದು ಸುತ್ತು ಬರ್ಕೊಂಡು ಲೆಕ್ಕ ಒಪ್ಸುತ್ತೆ. ಕೆಟ್ಟ ವರ್ಷ ಆದ್ರೆ ಸುತ್ತು ಸಣ್ಣದು. ಸುಳ್ಳು ಮಾತ್ರ ಹೇಳಲ್ಲ." ಲೆಕ್ಕಿಗ ಬಿಡುವ ಆಸಾಮಿಯೇ? ಸ್ಟೂಲಿಗೂ ಬೆಲೆ ಕಟ್ಟಿ, ಅದನ್ನು ಮರವೈದ್ಯನ ಆದಾಯಕ್ಕೆ ಸೇರಿಸಿಯೇ ನಿದ್ದೆ ಮಾಡಿದ್ದ.

ಇಬ್ಬರಿಗೂ ಮಾತಿನ ಚಪಲ. ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುತ್ತಾರೆ ಎಂದು ಲೆಕ್ಕಿಗ ಮೊದಲ ಸಲ ವಿವರಿಸಿದಾಗ ಮರವೈದ್ಯ ಕಿವಿ ಮುಚ್ಚಿಕೊಂಡಿದ್ದ. "ಅಯ್ಯಯ್ಯೋ, ಮೂಲದಲ್ಲಿ ಕಡಿದ್ರೆ ಉಳಿಯೋದೇನು? ನಾನು ಕೊಂಬೆ ಮಾತ್ರ ಕಡಿಯೋನಪ್ಪ." ಬ್ಯಾಂಕಿನವರು ಊರಿಗೆಲ್ಲ ಶಾಖೆ ಬೆಳೆಸುತ್ತಾರೆ, ಸವರೋಕೆ ಒಬ್ಬರೂ ತನ್ನನ್ನು ಕರೆಯೋದಿಲ್ಲ ಎಂಬುದು ಅವನ ಇನ್ನೊಂದು ದೂರು. ವರ್ಷಕ್ಕೊಮ್ಮೆ ಈ ಕೋಣೆಯಲ್ಲಿ ಗಟ್ಟಿಯಾಗಿ ನಗು ಕೇಳುತ್ತಿದ್ದದ್ದು ಅವನು ಬಂದಾಗಲೇ. ಲೆಕ್ಕಿಗನಿಗೆ ಅವನು ಬರೀ ಗಿರಾಕಿಯಾಗಿರಲಿಲ್ಲ, ಬೇಕಾದವನಾಗಿದ್ದ.

ಲೆಕ್ಕಿಗ ಕಾಗದಗಳನ್ನು ವಿಂಗಡಿಸತೊಡಗಿದ. ಗರಗಸದ ಸರಪಳಿ. ಪೆಟ್ರೋಲು. ಏಣಿಯ ರಿಪೇರಿ. ಕೈಗವಸು ಎರಡು ಜೊತೆ.

"ಎಲ್ಲಾನೂ ಕೊಂಡ್ರು," ಎಂದಳು ಹೆಂಡತಿ. "ಹಗ್ಗ ಒಂದು ಬಿಟ್ಟು. ಐದು ವರ್ಷಕ್ಕೊಂದ್ಸಲ ಬದಲಾಯಿಸ್ಲೇಬೇಕು ಅಂತ ಅವರೇ ಊರಿಗೆಲ್ಲ ಪಾಠ ಹೇಳ್ತಿದ್ರು. ತಮ್ಮದು ಆರು ವರ್ಷ ಆಗಿತ್ತು. ಎಂಜಲು ಕೈಯಲ್ಲಿ ಕಾಗೆ ಓಡಿಸ್ದೋರಲ್ಲ ನಮ್ಮನೆಯವರು. ಜಿಪುಣತನಕ್ಕೆ ಜೀವ ಕೊಟ್ರು."

ಲೆಕ್ಕಿಗ ತಲೆಯೆತ್ತಲಿಲ್ಲ. ಅಷ್ಟರಲ್ಲಿ ಡಬ್ಬದ ತಳದಲ್ಲಿದ್ದ ಹಳದಿ ಚೀಟಿ ಅವನ ಕೈಗೆ ಬಂದಿತ್ತು. ಉಪಕರಣದ ಅಂಗಡಿಯವರು ಬರೆದುಕೊಟ್ಟ ದರಪಟ್ಟಿ: ಹತ್ತುವ ಹಗ್ಗ, ಒಂದು. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಪದ. *ಮುಂದಿನ ವರ್ಷ ಕೊಂಡುಕೋ.* ಕೆಳಗೊಂದು ಸಣ್ಣ ಕಳೆಯುವ ಲೆಕ್ಕ. ಅಕ್ಷರ ಲೆಕ್ಕಿಗನದೇ.

ನೆನಪಾಗದೆ ಏನು? ವರ್ಷದ ಲೆಕ್ಕ ಮುಚ್ಚಲು ಹನ್ನೊಂದು ದಿನವಿತ್ತು. ಮರವೈದ್ಯ ಚೀಟಿ ಹಿಡಿದು ಬಂದು, ಹಗ್ಗ ತರಲು ಹೊರಟಿದ್ದೇನೆ, ಖರ್ಚಿಗೆ ಬರೆದುಕೊಳ್ಳಿ ಎಂದಿದ್ದ. ಈ ವರ್ಷ ನಿನ್ನ ದುಡಿಮೆಯೇ ಅಷ್ಟಕ್ಕಷ್ಟೆ, ತೆರಿಗೆಯೇ ಬೀಳುವುದಿಲ್ಲ, ಖರ್ಚು ತೋರಿಸಿ ಏನು ಲಾಭ ಎಂದು ಲೆಕ್ಕಿಗ ಬುದ್ಧಿ ಹೇಳಿದ್ದ. ಮುಂದಿನ ವರ್ಷ ರಸ್ತೆ ಬದಿ ಮರಗಳ ದೊಡ್ಡ ಗುತ್ತಿಗೆ ಇದೆ. ಹನ್ನೆರಡನೇ ದಿನ ಕೊಂಡರೆ ಅಷ್ಟು ತೆರಿಗೆ ಉಳಿಯುತ್ತದೆ. ಮರವೈದ್ಯ ತಲೆ ಕೆರೆದುಕೊಂಡಿದ್ದ. ಲೆಕ್ಕಿಗ ಸವಕಳಿಯ ಪುಟ ತೆಗೆದು ತೋರಿಸಿದ್ದ. ವರ್ಷ ವರ್ಷ ಸವೆಯುತ್ತ ಬಂದ ಹಗ್ಗದ ಬೆಲೆ ಅಲ್ಲಿ ಸೊನ್ನೆಗೆ ಇಳಿದಿತ್ತು. "ಪುಸ್ತಕದಲ್ಲಿ ಸೊನ್ನೆ ಆದ್ರೇನು, ಕೈಲಿ ಗಟ್ಟಿಯಾಗೇ ಇದೆಯಲ್ಲ!" ಎಂದು ತಾನೇ ನಕ್ಕಿದ್ದ. ಮರವೈದ್ಯನೂ ನಕ್ಕಿದ್ದ. ಅವನು ಬಿದ್ದದ್ದು ಒಂಬತ್ತನೆಯ ದಿನ.

ಲೆಕ್ಕಿಗನಿಗೆ ಹೆದರಿಕೆಯಾಯಿತು. ಬಲಗೈ ಪಕ್ಕದಲ್ಲೇ ಡ್ರಾಯರು ಅರ್ಧ ತೆರೆದಿತ್ತು. ಮೂವತ್ತು ವರ್ಷದಲ್ಲಿ ಅವನು ಯಾರದೇ ಒಂದು ಚೀಟಿ ಕಳೆದವನಲ್ಲ. ಹಾಗಾಗಿ ಇದೊಂದು ಕಳೆದರೆ ಯಾರೂ ಕೇಳುವುದೂ ಇಲ್ಲ. ಬೈಗುಳವೆಲ್ಲ ಸತ್ತವನಿಗೆ ಹೋಗುತ್ತದೆ, ಸತ್ತವನಿಗೆ ಕಿವಿಯಿಲ್ಲ. ಅವನು ಚೀಟಿಯನ್ನು ಅಂಗೈ ಕೆಳಗೆ ಮುಚ್ಚಿಟ್ಟುಕೊಂಡ.

"ನಿನ್ನೆ ಅವರ ಫೋಟೋನ ಗೋಡೆ ಕಡೆ ತಿರುಗಿಸ್ಬಿಟ್ಟೆ," ಎಂದಳು ಅವಳು. "ಮಗಳು ಯಾಕಮ್ಮಾ ಅಂತ ಅತ್ತಳು. ಮೂರು ಕಾಸಿಗೆ ನಮ್ಮನ್ನ ಬೀದಿಗೆ ಹಾಕ್ದೋರ ಮುಖ ನನಗೆ ನೋಡೋಕಾಗಲ್ಲ ಅಂದೆ."

ಲೆಕ್ಕಿಗ ಡ್ರಾಯರನ್ನು ಮೊಣಕಾಲಿನಿಂದ ಮುಚ್ಚಿದ. ಚೀಟಿಯನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದ.

"ಅವನು ಜಿಪುಣ ಅಲ್ಲಮ್ಮ. ಕೊಳ್ಳೋಕೆ ಅಂತಲೇ ಹೊರಟಿದ್ದ. ಬೇಡ ಅಂದೋನು ನಾನು."

ಅವಳು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಪ್ರತಿ ವರ್ಷ ಮನೆಗೆ ಬರುತ್ತಿದ್ದ ಲಕೋಟೆಯ ಮೇಲಿನ ಅಕ್ಷರ ಅವಳಿಗೂ ಗೊತ್ತು. ಇನ್ನೊಮ್ಮೆ ಓದಿದಳು.

"ಬೇಡ ಅಂದಿದ್ದಕ್ಕೆ ಎಷ್ಟು ಉಳೀತಿತ್ತು?"

ಉತ್ತರ ಗೊತ್ತಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. "ನಾನೂರ ಹನ್ನೆರಡು."

"ನಾನೂರ ಹನ್ನೆರಡು," ಎಂದಳು ಅವಳು, ಅಂಗಡಿಯಲ್ಲಿ ಬೆಲೆ ಕೇಳಿ ಖಚಿತ ಮಾಡಿಕೊಳ್ಳುವ ಹಾಗೆ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಎರಡು ತಿಂಗಳು ಬೈದೆನಲ್ಲಪ್ಪಾ. ಹೆಣದ ಮುಂದೆ ಕೂತು ಬೈದೆ."

"ನನ್ನನ್ನ ಬೈಯಿರಿ."

ಅವಳು ಬೈಯಲಿಲ್ಲ. ಬೈದಿದ್ದರೆ ಲೆಕ್ಕಿಗನಿಗೆ ಸ್ವಲ್ಪ ಹಗುರಾಗುತ್ತಿತ್ತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಎದ್ದಳು.

"ಲೆಕ್ಕ ನೀವೇ ಮುಗಿಸಿ. ಇನ್ನೊಬ್ಬರ ಬಾಗಿಲು ತಟ್ಟೋ ಶಕ್ತಿ ನನಗಿಲ್ಲ." ಹೊಸ್ತಿಲ ತನಕ ಹೋದವಳು ತಿರುಗಿ ಬಂದಳು. "ಇದು ಅವರು ಕೈಯಾರೆ ಮಾಡಿದ್ದು," ಎಂದು ಸ್ಟೂಲನ್ನು ಎತ್ತಿ, ಮಗುವನ್ನು ಎತ್ತಿಕೊಳ್ಳುವಂತೆ ಸೊಂಟಕ್ಕಿಟ್ಟುಕೊಂಡಳು. "ಮನೆಗೆ ಹೋಗಿ ಫೋಟೋ ತಿರುಗಿಸ್ಬೇಕು."

ಮೆಟ್ಟಿಲಿನ ಮೇಲೆ ಸ್ಟೂಲಿನ ಕಾಲು ಗೋಡೆಗೆ ತಗಲುವ ಸದ್ದು ಕೆಳಗಿನವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುಂದಿನ ಗಿರಾಕಿ, ಮೂಲೆಯಂಗಡಿಯ ಬೀಗದವನು, ಒಳಗೆ ಬಂದು ಕೂರಲು ಜಾಗ ಹುಡುಕಿದ. ಲೆಕ್ಕಿಗ ಎದ್ದು ತನ್ನ ಕುರ್ಚಿಯನ್ನೇ ಅವನಿಗೆ ಕೊಟ್ಟು, ಮೇಜಿನ ಪಕ್ಕದಲ್ಲಿ ನಿಂತ. ಎಂಟು ವರ್ಷದ ಬಿಸಿಲಿಗೆ ಮಾಸಿದ ನೆಲದಲ್ಲಿ, ಸ್ಟೂಲು ಇದ್ದಷ್ಟು ಜಾಗ ಮಾತ್ರ ದುಂಡಗೆ, ಹೊಸದರ ಹಾಗೆ ಕೆಂಪಗಿತ್ತು.