ನಾಲ್ಕು ಬೆರಳು ಗಿಡ್ಡವಾದ ಬೆಂಚು

ನಾನು ಒಂದು ಬೆಂಚು. ಕೂಡುವ ಬೆಂಚಲ್ಲ, ಹತ್ತಿ ಇಳಿಯುವ ಬೆಂಚು. ಮನುಷ್ಯನ ಮೈಯಲ್ಲಿ ಎಷ್ಟು ತಾಕತ್ತಿದೆ ಎಂದು ಕಂಡುಹಿಡಿಯಲು ನನ್ನನ್ನು ಮಾಡಿಸಿದರು. ಒಬ್ಬರ ತಾಕತ್ತು ತಿಳಿಯಬೇಕಾದರೆ ಅವರ ಜೊತೆ ಒಂದು ದಿನ ಕಲ್ಲು ಹೊರಬಹುದು, ಬಾವಿ ತೋಡಬಹುದು, ಹೆರಿಗೆ ಕೋಣೆಯ ಹೊರಗೆ ನಿಂತು ಕೇಳಿಸಿಕೊಳ್ಳಬಹುದು. ಅಷ್ಟೆಲ್ಲ ತೊಂದರೆ ಯಾರಿಗೆ ಬೇಕು? ಓದಿದವರಿಗೆ ಒಂದು ಬೆಂಚು ಸಾಕು.

ನಾನು ಹುಟ್ಟಿದ್ದು ಗದಗ ಕಡೆಯ ಒಂದು ಊರಿನಲ್ಲಿ, ಮೌನೇಶ ಬಡಿಗೇರನ ಅಂಗಡಿಯಲ್ಲಿ. ಒಳ್ಳೆಯ ಸಾಗವಾನಿ. ನನ್ನ ಜೊತೆ ಸೀಳಿದ ಹಲಗೆಗಳಲ್ಲಿ ಒಂದು ತೊಟ್ಟಿಲಾಯಿತು, ಇನ್ನೊಂದು ದೇವರ ಮಂಟಪವಾಯಿತು. ನನ್ನ ಪಾಲಿಗೆ ಬಂದದ್ದು ಬೂಟುಗಾಲು.

ಮಾಡಿಸಿದವರು ಊರ ಹೊರಗಿನ ದೈಹಿಕ ಶಿಕ್ಷಣ ಕಾಲೇಜಿನ ಪ್ರೊಫೆಸರ್ ಸಿದ್ಧಲಿಂಗ ಕಮತಗಿ. ಉದ್ದಕಾಲಿನ ಎತ್ತರದ ಮನುಷ್ಯ. ಕೈಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು ಬಂದಿದ್ದರು. ಅದರಲ್ಲಿ ಬೆಂಚಿನ ಎತ್ತರ ಬರೆದಿತ್ತು. ಯಾವುದೋ ದೂರದೇಶದ ಉದ್ದುದ್ದ ಕಾಲಿನ ಗಂಡುಹುಡುಗರಿಗೆಂದು ಯಾರೋ ಗೊತ್ತುಮಾಡಿದ ಎತ್ತರ ಅದು.

"ಯಾರು ಹತ್ತೋರ್ರಿ ಸಾಹೇಬ್ರ?" ಎಂದು ಮೌನೇಶ ಕೇಳಿದ.

"ಎಲ್ಲಾರೂ," ಎಂದರು ಪ್ರೊಫೆಸರು.

ಮೌನೇಶನೂ ಮುಂದೆ ಯೋಚಿಸಲಿಲ್ಲ. ಹೇಳಿದಷ್ಟು ಕೊಯ್ದ, ಹೇಳಿದಲ್ಲಿ ಮೊಳೆ ಹೊಡೆದ, ಬೀಡಿ ಹಚ್ಚಿಕೊಂಡ.

ಕಾಲೇಜಿನಲ್ಲಿ ನನ್ನ ಕೆಲಸ ಹೀಗೆ. ಟಕ್ ಟಕ್ ಎಂದು ತಾಳ ಹಾಕುವ ಒಂದು ಪೆಟ್ಟಿಗೆ ಇತ್ತು. ಆ ತಾಳಕ್ಕೆ ಸರಿಯಾಗಿ ಹುಡುಗರು ಹುಡುಗಿಯರು ನನ್ನನ್ನು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಉಸಿರು ಕಟ್ಟಿ ಬಾಯಿ ಬಿಡುವ ಹೊತ್ತಿಗೆ ನಿಲ್ಲಿಸಿ, ಕೂಡಿಸಿ, ನಾಡಿ ಎಣಿಸುತ್ತಿದ್ದರು. ನಾಡಿ ಬೇಗ ತಣ್ಣಗಾದರೆ 'ಉತ್ತಮ'. ತಡವಾದರೆ 'ಕಳಪೆ'. ಹದಿನೆಂಟು ವರ್ಷ ಹಾಲು ಕರೆದು, ನೀರು ಹೊತ್ತು, ಓಡಿ ಆಡಿ ಬೆಳೆದ ಮೈಗೆ ಕೊನೆಗೆ ಒಂದೇ ಒಂದು ಪದ.

ಪ್ರೊಫೆಸರು ಮಾತ್ರ ನನ್ನನ್ನು ಒಮ್ಮೆಯೂ ಹತ್ತಲಿಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು, ಮಿರ್ಚಿ ಭಜಿ ತಿನ್ನುತ್ತ, "ಹ್ಞೂಂ, ನಡೀಲಿ" ಎನ್ನುತ್ತಿದ್ದರು. ಕೆಳಗಿನಿಂದ ನೋಡುವ ನನಗೆ ಅವರ ಹೊಟ್ಟೆ ಅಡ್ಡ ಬಂದು ಮುಖ ಕಾಣುತ್ತಿರಲಿಲ್ಲ. ಹೊಟ್ಟೆಯ ಹಿಂದಿನಿಂದ ಬರುತ್ತಿದ್ದ ದನಿಗೆ ನಾನು ಪ್ರೊಫೆಸರ್ ಎಂದು ಹೆಸರಿಟ್ಟುಕೊಂಡಿದ್ದೆ.

ವರ್ಷಾನುಗಟ್ಟಲೆ ಹೀಗೆ ಅಳೆದು ಅವರು ಒಂದು ಸತ್ಯ ಕಂಡುಹಿಡಿದರು: ಈ ಭಾಗದ ಹೆಣ್ಣುಮಕ್ಕಳ ದೈಹಿಕ ಸಾಮರ್ಥ್ಯ ಕಳಪೆ. ಇದನ್ನು ಊರೂರಿನ ವಿಚಾರ ಸಂಕಿರಣಗಳಲ್ಲಿ ಓದಿದರು, ಶಾಲು ಹೊದಿಸಿಕೊಂಡರು. ಕಾರಣ ಏನೆಂದು ಯಾರಾದರೂ ಕೇಳಿದರೆ ಆಹಾರ ಎನ್ನುತ್ತಿದ್ದರು, ನಾಚಿಕೆ ಎನ್ನುತ್ತಿದ್ದರು, ಸಂಸ್ಕೃತಿ ಎನ್ನುತ್ತಿದ್ದರು. ಬೆಂಚು ಎನ್ನಲಿಲ್ಲ. ಎದುರಿಗಿದ್ದ ಬೆಂಚಿನ ಮೇಲೆ ಅನುಮಾನಪಡುವುದಕ್ಕಿಂತ ಸಂಸ್ಕೃತಿಯ ಮೇಲೆ ಅನುಮಾನಪಡುವುದು ಅವರಿಗೆ ಹಗುರ.

ಶಹನಾಜ್ ನದಾಫ ನನ್ನನ್ನು ಮೊದಲು ಹತ್ತಿದ್ದು ಕಾಲೇಜು ಸೇರುವ ಪರೀಕ್ಷೆಯ ದಿನ. ಗಾದಿ ತುಂಬುವವನ ಮಗಳು. ಜಿಲ್ಲೆಗೇ ಹೆಸರಾದ ಖೋ ಖೋ ಆಟಗಾರ್ತಿ. ಗಿಡ್ಡ, ಗಟ್ಟಿ, ಚುರುಕು. ಅವಳ ಪಾದ ನನ್ನ ಮೇಲೆ ಬಿದ್ದಾಗ ಹಲಗೆಯೇ ಝುಮ್ಮೆಂದಿತು. ಆದರೆ ಪ್ರತಿ ಸಲ ಹತ್ತುವಾಗಲೂ ಅವಳ ಮೊಣಕಾಲು ಹೊಟ್ಟೆಗೆ ತಾಗುವಷ್ಟು ಮೇಲೇಳಬೇಕಿತ್ತು. ಪಕ್ಕದಲ್ಲಿ ನಿಂತ ಉದ್ದಕಾಲಿನ ಹುಡುಗನಿಗೆ ನಾನು ಮನೆಯ ಹೊಸ್ತಿಲು. ಅವಳಿಗೆ ನಾನು ಗೋಡೆ. ಗೋಡೆ ಹತ್ತಿ ಹತ್ತಿ ಅವಳ ನಾಡಿ ಡೋಲು ಬಡಿಯಿತು.

'ಕಳಪೆ' ಎಂದು ಬರೆದರು. ಸೀಟು ಸಿಗಲಿಲ್ಲ.

ಆ ವರ್ಷ ಅವಳು ಮನೆಯಲ್ಲಿ ಕುಳಿತಳು. ತಂದೆ ಎರಡು ಕಡೆ ಗಂಡು ನೋಡಿದ. ಇವಳು ಇನ್ನೊಂದು ವರ್ಷ ಕೊಡು ಎಂದು ಹಟ ಹಿಡಿದು, ಮನೆ ಮುಂದಿನ ಕಲ್ಲಿನ ಕಟ್ಟೆಯನ್ನು ದಿನಾ ಹತ್ತಿ ಇಳಿದಳಂತೆ. ಓಣಿಯ ಹೆಂಗಸರು ಹುಡುಗಿಗೆ ಗಾಳಿ ಸೋಕಿದೆ ಎಂದರಂತೆ. ಮರುವರ್ಷ ಬಂದು ನನ್ನ ಮೇಲೆ ಹತ್ತಿಳಿದಳು. 'ಸಾಧಾರಣ' ಸಿಕ್ಕಿತು, ಅದೂ ಅಂಚಿನಲ್ಲಿ. ಅಂದು ಅವಳು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತನ್ನನ್ನು ತುಳಿದದ್ದಕ್ಕೇ ಕೈಮುಗಿಯುವ ಬುದ್ಧಿ ಮನುಷ್ಯರಿಗೆ ಎಲ್ಲಿಂದ ಬಂತೋ ನಾನರಿಯೆ.

ಮುಂದೆ ಅವಳು ಅದೇ ಕಾಲೇಜಿನಲ್ಲಿ ಕಮತಗಿಯವರ ಕೈಕೆಳಗೆ ಸಂಶೋಧನೆಗೆ ಸೇರಿಕೊಂಡಳು. ಪರೀಕ್ಷೆ ನಡೆಸುವ ಕೆಲಸ ಅವಳಿಗೇ ಬಂತು. ಪ್ರೊಫೆಸರಿಗಿಂತ ಇವಳೇ ಕಟ್ಟುನಿಟ್ಟು. ಗಿಡ್ಡ ಹುಡುಗಿಯರು ತಾಳ ತಪ್ಪಿ ಅಳುಮುಖ ಮಾಡಿದರೆ ಗದರಿಸುತ್ತಿದ್ದಳು. "ನಾನೂ ನಿನ್ನಷ್ಟ ಇದ್ದೀನಿ. ನನಗ ಆಗಲಿಲ್ಲೇನು? ನೆಪ ಹೇಳಬ್ಯಾಡ, ಹತ್ತು."

ಪ್ರೊಫೆಸರನ್ನು ನಾನು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ಇವಳನ್ನು ಮಾತ್ರ ನೋಡಿ ಹೇಸಿಗೆಯಾಗುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆ, ಪ್ರವೇಶ ಪರೀಕ್ಷೆಗೆ ಒಂದು ವಾರ ಮೊದಲು, ತಾಲೀಮಿಗೆಂದು ಸೋನಾಬಾಯಿ ಲಮಾಣಿ ಎಂಬ ಹುಡುಗಿ ಬಂದಳು. ಲಂಬಾಣಿ ತಾಂಡಾದವಳು. ಜಿಲ್ಲಾ ಓಟದಲ್ಲಿ ಬರಿಗಾಲಲ್ಲಿ ಓಡಿ, ಎರಡನೆಯವಳು ಕಣ್ಣಿಗೆ ಬೀಳುವ ಮೊದಲೇ ಗೆರೆ ದಾಟಿದ್ದಳು. ಆ ಓಟವನ್ನು ಶಹನಾಜ್ ತಾನೇ ನಿಂತು ನೋಡಿದ್ದಳು. ಸೋನಾಬಾಯಿ ಶಹನಾಜ್‌ಗಿಂತಲೂ ಗಿಡ್ಡ. ಬಿಸಿಲಿಗೆ ಸುಟ್ಟು ಬಿರಿದ ಅಂಗಾಲು ನನ್ನ ಮೇಲಿಟ್ಟು ಹತ್ತತೊಡಗಿದಳು. ಅರ್ಧಕ್ಕೇ ತಾಳ ತಪ್ಪಿತು. ನಾಡಿ ಹಿಡಿದರೆ ಕೈಗೆ ಸಿಗದ ಓಟ.

"ನೆಪ ಹೇಳಬ್ಯಾಡ..." ಎಂದು ಶಹನಾಜ್ ಬಾಯಿ ತೆಗೆದಳು.

"ನೆಪ ಅಲ್ರಿ ಅಕ್ಕಾರ," ಎಂದಳು ಹುಡುಗಿ ಏದುಸಿರಿನಲ್ಲಿ. "ಓಡು ಅನ್ರಿ, ಸಂಜೀತನಕ ಓಡ್ತೀನಿ. ಇದು ಓಡೂದಲ್ಲ. ಇದು ಗಿಡ ಏರಿದಂಗ ಆಗತೈತ್ರಿ."

ಹುಡುಗಿಯನ್ನು ಕಳಿಸಿ ಶಹನಾಜ್ ನನ್ನ ಪಕ್ಕ ನಿಂತಳು. ತನ್ನ ಮೊಣಕಾಲಿಗೂ ನನ್ನ ಅಂಚಿಗೂ ಕೈ ಹಚ್ಚಿ ನೋಡಿದಳು. ನಾನು ಮೇಲಿದ್ದೆ. ಎಷ್ಟೋ ವರ್ಷದಿಂದ ದಿನವೂ ಮುಟ್ಟುತ್ತಿದ್ದ ಬೆಂಚನ್ನು ಅಂದೇ ಮೊದಲ ಸಲ ಕಂಡವಳಂತೆ ಕಂಡಳು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತಳು.

"ಒಂದ್ ವರ್ಷ," ಎಂದಳು, ಯಾರಿಗೂ ಅಲ್ಲ. "ನನ್ನ ಒಂದ್ ವರ್ಷ ಹೋತಲ್ಲ ಇದಕ್ಕ." ಮತ್ತೆ, "ಎಷ್ಟ ಮಂದಿನ್ನ ನಾನಽ ವಾಪಸ್ ಕಳಿಸೀನೋ," ಎಂದು ಮುಖ ಮುಚ್ಚಿಕೊಂಡಳು.

ಮರುದಿನ ಪ್ರೊಫೆಸರ ಎದುರು ನಿಂತು ಹೇಳಿದಳು. "ಸರ್, ಬೆಂಚ್ ಭಾಳ ಎತ್ತರ ಐತ್ರಿ. ನಮ್ಮ ಹುಡುಗ್ಯಾರ ಕಾಲಳತಿಗೆ ಇದು ಕೂಡೂದಿಲ್ರಿ. ನಾವು ಅವರ ಎದೀ ಶಕ್ತಿ ಅಳ್ಯಾಕತ್ತಿಲ್ಲ, ಕಾಲಿನ ಉದ್ದ ಅಳ್ಯಾಕತ್ತೀವಿ. ನಾಲ್ಕು ಬೆರಳು ಇಳಿಸೋಣ್ರಿ."

ಪ್ರೊಫೆಸರು ನಕ್ಕರು. ಹೊಟ್ಟೆ ಕುಣಿಯಿತು. "ನದಾಫ, ಹುಡುಗಿ ಗಿಡ್ಡ ಅದಾಳಂತ ಹಿಮಾಲಯ ಬಗ್ಗತೈತೇನು?"

"ಇದು ಹಿಮಾಲಯ ಅಲ್ರಿ ಸರ್. ಬಡಿಗೇರ ಮೌನೇಶಣ್ಣ ಮಾಡಿದ್ದು."

"ಹಂಗಾರ ಇಷ್ಟು ವರ್ಷ ನಾ ಬರದಿದ್ದು ಏನಾತು? ಎಲ್ಲಾ ಸುಳ್ಳನು? ಹೋಗು, ಹೋಗಿ ಕೆಲಸ ನೋಡು. ಬೆಂಚ್ ಅಳೀಬ್ಯಾಡ, ಮನಷ್ಯಾರನ್ನ ಅಳಿ."

ಅವಳು ಹೋದಳು. ಹೋದವಳು ಆ ಸಂಜೆಯೇ ಒಂದು ಟಂಟಂ ಆಟೋ ತಂದು ನನ್ನನ್ನು ಹೇರಿಕೊಂಡು ಮೌನೇಶನ ಅಂಗಡಿಗೆ ಬಂದಳು. ಅಷ್ಟು ವರ್ಷಕ್ಕೆ ಬೀಡಿ ಸೇದಿ ಅವನ ದನಿ ಒಡೆದಿತ್ತು. ಯಾಕೆ ಎಂದು ಅವನು ಅಂದೂ ಕೇಳಲಿಲ್ಲ. ನಾಲ್ಕು ಕಾಲಿಗೂ ಗೆರೆ ಎಳೆದು ಗರಗಸ ಇಟ್ಟ. ನೋವಾಯಿತೇ ಎಂದು ಕೇಳಬೇಡಿ. ಸಾಗವಾನಿಗೆ ಅವಮಾನವಾಗುತ್ತದೆ ಅಷ್ಟೆ. ಆದರೆ ಅವಮಾನವನ್ನು ಪ್ರೊಫೆಸರು ದಿನವೂ ಮಾಡುತ್ತಿದ್ದರು. ಗರಗಸ ಒಂದೇ ಸಲ ಮಾಡಿ ಮುಗಿಸಿತು.

ಮರುದಿನ ನನ್ನನ್ನು ಅದೇ ಜಾಗದಲ್ಲಿ ಇಟ್ಟಳು. ಸಿಕ್ಕಿಬೀಳುತ್ತೇನೆಂದು ಮತ್ತೆ ಮತ್ತೆ ಬಾಗಿಲ ಕಡೆ ನೋಡಿದಳು. ಸುಮ್ಮನೆ ಹೆದರಿದಳು. ಪ್ರೊಫೆಸರು ಬಂದರು, ಕುರ್ಚಿಯಲ್ಲಿ ಕುಳಿತರು, ಭಜಿ ತರಿಸಿದರು. ಮನುಷ್ಯರನ್ನು ಅಳೆಯುವುದರಲ್ಲಿ ಇಡೀ ನಾಡಿಗೇ ಪಂಡಿತರೆನಿಸಿದವರಿಗೆ ಕಣ್ಣೆದುರಿನ ಬೆಂಚು ಗಿಡ್ಡವಾದದ್ದು ಕಾಣಲಿಲ್ಲ.

ಪ್ರವೇಶ ಪರೀಕ್ಷೆಯ ದಿನ ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿದರು. ಮೊದಲ ಬಾರಿಗೆ ನನ್ನ ಮೇಲೆ ಪಾದಗಳು ಪಾದದಂತೆ ಬಿದ್ದವು. ಎಲ್ಲರೂ ಪಾಸಾಗಲಿಲ್ಲ, ಮೈಗಳ್ಳಿಯರು ಮೈಗಳ್ಳಿಯರಾಗಿಯೇ ಉಳಿದರು. ಸೋನಾಬಾಯಿಗೆ 'ಉತ್ತಮ' ಬಂತು. ಇಳಿದ ಮೇಲೂ ಇನ್ನೂ ಹತ್ತಲೇ ಎಂಬಂತೆ ನಿಂತಿದ್ದಳು.

ಪ್ರೊಫೆಸರು ಹಿಗ್ಗಿದರು. ಈ ಸಲದ ಹುಡುಗಿಯರು ಇಷ್ಟು ಚೆನ್ನಾಗಿರುವುದು ತಮ್ಮ ಮಾರ್ಗದರ್ಶನದಿಂದ ಎಂದು ಎಲ್ಲರಿಗೂ ಹೇಳಿದರು.

ಎರಡು ದಿನ ಬಿಟ್ಟು, ಫಲಿತಾಂಶವನ್ನು ಗೋಡೆಗೆ ಹಚ್ಚುವ ಮೊದಲು, ವಿಶ್ವವಿದ್ಯಾಲಯದಿಂದ ತಪಾಸಣೆಗೆ ಒಂದು ತಂಡ ಬಂತು. ಮುಖ್ಯಸ್ಥೆ ಮಂಗಳೂರಿನ ಡಾಕ್ಟರು, ವತ್ಸಲಾ ಕಾಮತ್. ಅಂಕಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಹೋದ ವರ್ಷದವರೆಗೆ ಹುಡುಗಿಯರು ಹೆಚ್ಚಾಗಿ ಕಳಪೆ. ಈ ವರ್ಷ ಹೀಗೆ ಹೇಗಾಯ್ತು? ಪರೀಕ್ಷೆ ಅಷ್ಟು ಸುಲಭವೇ?"

"ಸುಲಭ?" ಪ್ರೊಫೆಸರಿಗೆ ಕೆಣಕಿದಂತಾಯಿತು. "ಮೇಡಂ, ಪೈಲ್ವಾನರೂ ಸುಸ್ತಾಗತಾರ ಇದರಾಗ."

"ಹಾಗಾದರೆ ನೀವೊಮ್ಮೆ ಮಾಡಿ ತೋರಿಸಿ."

ಎಲ್ಲರ ಮುಂದೆ ಹೇಳಿದ ಮೇಲೆ ಇನ್ನೇನು ಮಾಡಿಯಾರು? ಕೋಟು ಬಿಚ್ಚಿ ಹತ್ತಿದರು. ಅಂದು ಮೊದಲ ಸಲ ಅವರ ಬೂಟು ನನ್ನ ಎದೆಯ ಮೇಲೆ ಬಂತು. ಹೊಸ ಬೂಟು, ಅಡಿ ಸವೆದೇ ಇರಲಿಲ್ಲ. ಆ ಉದ್ದಕಾಲಿಗೆ ಈಗ ನಾನು ಏನೂ ಅಲ್ಲ. ತಾಳ ತಪ್ಪದೆ ಮುಗಿಸಿದರು. ಡಾಕ್ಟರು ನಾಡಿ ಹಿಡಿದರು. ಪರವಾಗಿಲ್ಲ, ಚೆನ್ನಾಗಿದೆ ಎಂದರು. ಪ್ರೊಫೆಸರ ಮುಖ ಹೊಟ್ಟೆಯ ಮೇಲಿಂದ ಇಣುಕಿತು. ಬೆಳಗುತ್ತಿತ್ತು.

"ನೋಡ್ರಿ! ಈ ವಯಸ್ಸಿನಾಗ!"

ಡಾಕ್ಟರು ಬಗ್ಗಿ, ತಮ್ಮ ಚೀಲದಿಂದ ಟೇಪು ತೆಗೆದು ನನಗೆ ಹಿಡಿದರು. "ಇದು ಪುಸ್ತಕದ ಎತ್ತರವಲ್ಲವಲ್ಲ. ಕಾಲು ಕೊಯ್ದಿದ್ದಾರೆ. ಯಾರು? ಯಾರ ಅಪ್ಪಣೆಯಿಂದ? ಅಪ್ಪಣೆ ಇಲ್ಲದೆ ಮಾಡಿದ್ದರೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ."

ಬಾಗಿಲಲ್ಲಿ ಫಲಿತಾಂಶಕ್ಕೆ ಕಾದು ನಿಂತ ಹುಡುಗಿಯರಲ್ಲಿ ಸೋನಾಬಾಯಿಯೂ ಇದ್ದಳು. ಶಹನಾಜ್ ಮುಂದೆ ಬಂದಳು. "ಮೇಡಂ, ಅದನ್ನ..."

"ನಾನಽ ಕೊಯ್ಯಾಕ ಹೇಳಿದ್ದೆ," ಎಂದರು ಪ್ರೊಫೆಸರು.

ಈಗಷ್ಟೇ ಗಳಿಸಿದ ನಾಡಿಯ ಕೀರ್ತಿ ಕೈಬಿಡಲು ಅವರಿಗೆ ಮನಸ್ಸಿಲ್ಲ. ತಮ್ಮ ಕಾಲೇಜಿನ ಬೆಂಚು ಕುಗ್ಗಿದ್ದು ತಮಗೇ ಗೊತ್ತಿಲ್ಲ ಎನ್ನುವಷ್ಟು ಎದೆಗಾರಿಕೆಯೂ ಇಲ್ಲ. "ನಮ್ಮ ಹುಡುಗ್ಯಾರ ಕಾಲಳತಿಗೆ ಆ ಎತ್ತರ ಕೂಡೂದಿಲ್ಲ ಮೇಡಂ. ಅದರಿಂದ ನಾವು ಎದೀ ಶಕ್ತಿ ಅಲ್ಲ, ಕಾಲಿನ ಉದ್ದ ಅಳದಂಗಾಗತೈತಿ. ಭಾಳ ದಿನದಿಂದ ಇದರ ಬಗ್ಗೆ ವಿಚಾರ ಮಾಡಾಕತ್ತಿದ್ದೆ."

ವಾರದ ಹಿಂದೆ ಅವಳು ಹೇಳಿದ್ದೇ ಮಾತು, ಈಗ ಅವರ ಬಾಯಲ್ಲಿ.

ಡಾಕ್ಟರು ಅವಳ ಕಡೆ ತಿರುಗಿದರು. "ಹೌದೇನಮ್ಮಾ? ಇವರೇ ಹೇಳಿದ್ದೇ?"

ಅವಳು ಪ್ರೊಫೆಸರನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. ಇಲ್ಲ ಎಂದರೆ ಪರೀಕ್ಷೆ ರದ್ದು; ಹಳೆಯ ಎತ್ತರದ ಇನ್ನೊಂದು ಬೆಂಚು ಬರುತ್ತದೆ; ಆ ಹುಡುಗಿಯರು ಮನೆಗೆ ಹೋಗುತ್ತಾರೆ. ಮನೆಗೆ ಹೋದ ಹುಡುಗಿಯರಿಗೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

"ಹೌದ್ರಿ ಮೇಡಂ," ಎಂದಳು. "ಸರ್ ಹೇಳಿದ್ರು."

ಫಲಿತಾಂಶ ಹಚ್ಚಿದರು. ಸೋನಾಬಾಯಿಗೆ ಸೀಟು ಸಿಕ್ಕಿತು. ಎಲ್ಲರೂ ಹೋದ ಮೇಲೆ ಶಹನಾಜ್ ನನ್ನ ಮೇಲೆ ಒಂದು ಗುದ್ದು ಹಾಕಿದಳು. ಎಂಥ ಗುದ್ದು! ಅದನ್ನು ಯಾವ ಯಂತ್ರವೂ ಅಳೆಯಲಿಲ್ಲ. ಅಂದಿನಿಂದ ನಾನು ಅವಳನ್ನು ನೋಡಿ ಹೇಸುವುದನ್ನು ಬಿಟ್ಟೆ.

ಪ್ರೊಫೆಸರು ಆ ವರ್ಷವೇ ಲೇಖನ ಬರೆದರು: ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ತಕ್ಕ ಹೊಸ ಬೆಂಚು. ಈ ಭಾಗದ ಹೆಣ್ಣುಮಕ್ಕಳ ಸಾಮರ್ಥ್ಯ ಅದ್ಭುತ ಎಂದು ಸಾರಿದರು. ಹಿಂದೆ ಕಳಪೆ ಎಂದದ್ದಕ್ಕೆ ಶಾಲು ಹೊದಿಸಿದ್ದ ಊರುಗಳೇ ಈಗ ಅದ್ಭುತ ಎಂದದ್ದಕ್ಕೂ ಹೊದಿಸಿದವು. ಶಹನಾಜ್ ಹೆಸರು ಲೇಖನದ ಕೊನೆಯಲ್ಲಿ, ಟೈಪು ಮಾಡಿದವನ ಹೆಸರಿನ ಪಕ್ಕದಲ್ಲಿತ್ತು. ಅವಳು ಸಂಶೋಧನೆ ಮುಗಿಸಿ ಬೇರೆ ಊರಿನ ಕಾಲೇಜಿಗೆ ಕೆಲಸಕ್ಕೆ ಹೋದಳು.

ಆಮೇಲೆ ಕರೆಂಟಿನ ಮೇಲೆ ಓಡುವ ಪಟ್ಟಿಯ ಯಂತ್ರ ಬಂತು. ಮನುಷ್ಯರು ಅದರ ಮೇಲೆ ಬೆವರು ಸುರಿಸಿ ಓಡಿ, ಇದ್ದಲ್ಲೇ ಇರುತ್ತಾರೆ. ಅವರ ಒಟ್ಟು ಬಾಳಿಗೆ ಹೇಳಿ ಮಾಡಿಸಿದ ಯಂತ್ರ. ನನ್ನ ಕೆಲಸ ಹೋಯಿತು. ಪ್ರೊಫೆಸರು ನಿವೃತ್ತರಾದಾಗ ನನಗೆ ವಾರ್ನಿಷು ಹಚ್ಚಿ, ಅವರ ಹೆಸರಿನ ಹಿತ್ತಾಳೆ ಫಲಕ ಬಡಿದು, ಕಾಲೇಜಿನ ಬಾಗಿಲಲ್ಲಿ ನಿಲ್ಲಿಸಿದರು. ಸುತ್ತ ಹಗ್ಗ ಕಟ್ಟಿ ಒಂದು ಬೋರ್ಡೂ ಹಾಕಿದರು: ಬೆಂಚನ್ನು ಹತ್ತಬಾರದು.

ಹೋದ ತಿಂಗಳು ಖೋ ಖೋ ಪಂದ್ಯಕ್ಕೆ ಬೇರೆ ಬೇರೆ ಕಾಲೇಜಿನವರು ಬಂದಿದ್ದರು. ತಲೆ ನರೆತ ಒಬ್ಬ ಗಿಡ್ಡ ಹೆಂಗಸು ತನ್ನ ತಂಡವನ್ನು ಮೈದಾನಕ್ಕೆ ಅಟ್ಟಿ, ನನ್ನ ಮುಂದೆ ನಿಂತು ಫಲಕ ಓದಿದಳು. ಹಗ್ಗ ಎತ್ತಿ ಒಳಗೆ ಬಂದು, ನನ್ನ ಮೇಲೆ ಕುಳಿತು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದಳು.

ಜವಾನ ಓಡಿ ಬಂದ. "ಮೇಡಂ, ಅದರ ಮ್ಯಾಲೆ ಕುಂದ್ರಬಾರದ್ರಿ. ಅದು ದೊಡ್ಡವರು ಮಾಡಿಟ್ಟಿದ್ದು."

"ಗೊತ್ತಪ್ಪಾ," ಎಂದಳು ಶಹನಾಜ್. ಏಳಲಿಲ್ಲ. ಒಂದು ಲೇಸು ಮುಗಿಸಿ, ಇನ್ನೊಂದನ್ನು ನಿಧಾನಕ್ಕೆ ಬಿಚ್ಚಿ, ಮತ್ತೆ ಮೊದಲಿನಿಂದ ಕಟ್ಟಿದಳು.

ಅವಳ ಭಾರವೆಲ್ಲ ನನ್ನ ಮೇಲಿತ್ತು. ಅದು ಎಷ್ಟು ಎಂದು ಮಾತ್ರ ಕೇಳಬೇಡಿ. ನಾನು ಮರ. ಅಳೆಯುವುದು ನನಗೆ ಎಂದೂ ಬರುತ್ತಿರಲಿಲ್ಲ.