ತೊಂಬತ್ತೇಳನೆಯ ಹಲ್ಲು

ಗಂಡನ ಎದೆಯ ಮೇಲಿಟ್ಟಿದ್ದ ಹೂವಿನ ಚಕ್ರವನ್ನು ಅವಳು ಎರಡೂ ಕೈಯಲ್ಲಿ ಎತ್ತಿ, ನಡುಮನೆ ದಾಟಿ, ಬಾಗಿಲಾಚೆಯ ಚಪ್ಪಲಿಗಳ ಮೇಲೆ ಎಸೆದು ಬಂದಳು. ಕಾರ್ಖಾನೆಯ ಹೆಸರಿದ್ದ ರಿಬ್ಬನ್ನು ಯಾರದೋ ಬೂಟಿಗೆ ಸಿಕ್ಕಿಕೊಂಡಿತು.

"ಅಮ್ಮ, ಜನ ನೋಡ್ತಿದ್ದಾರೆ," ಎಂದಳು ಮಗಳು.

"ನೋಡ್ಲಿ ಬಿಡು. ಇಪ್ಪತ್ತೆರಡು ವರ್ಷ ಈ ಕಡೆ ತಲೆ ಹಾಕಿಯೂ ಮಲಗದವರು ಇವತ್ತಾದ್ರೂ ನೋಡ್ಲಿ."

ಬೀದಿಯಲ್ಲಿ ಬಾಡಿಗೆ ಕುರ್ಚಿಗಳು ತುಂಬಿದ್ದವು. ಕಾರ್ಖಾನೆಯವರು, ನಿವೃತ್ತರಾದವರೂ ಸೇರಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತಿದ್ದರು. ಸತ್ತವನನ್ನು ಅವರು ಕರೆಯುತ್ತಿದ್ದದ್ದು ಹಲ್ಲು ಡಾಕ್ಟ್ರು ಎಂದು. ಯಂತ್ರದ ಚಕ್ರಗಳಿಗೆ ಹಲ್ಲು ಕೊಯ್ಯುವುದು ಅವನ ಕೆಲಸವಾಗಿತ್ತು. "ಕೀಳೋ ಡಾಕ್ಟ್ರು ಊರ ತುಂಬ ಇದ್ದಾರೆ, ಹುಟ್ಟಿಸೋನು ಇವನೊಬ್ಬನೇ," ಎಂದು ಆ ಕಾಲದಲ್ಲಿ ನಗುತ್ತಿದ್ದರು. ಆ ಕಾಲ ಅಂದರೆ, ಭಾರ ಎತ್ತುವ ಯಂತ್ರದ ಚಕ್ರ ಮುರಿದು, ಅದರ ಕೆಲಸಕ್ಕಿದ್ದ ಕ್ರೇನಣ್ಣನ ಎಡಗೈ ಹೋಗುವುದಕ್ಕೆ ಮುಂಚೆ.

ಕ್ರೇನಣ್ಣನೂ ಬಂದಿದ್ದ. ಆದರೆ ಒಳಗೆ ಕಾಲಿಟ್ಟಿರಲಿಲ್ಲ, ಎದುರುಮನೆಯ ಕಟ್ಟೆಯ ಮೇಲೆ ಕೂತಿದ್ದ. ಅಂಗಿಯ ಖಾಲಿ ತೋಳನ್ನು ಮಡಿಸಿ ಪಿನ್ನು ಹಾಕಿದ್ದ. ಹತ್ತೂವರೆಗೆ ಹಳೆಯ ಚೀಫ್ ಇಂಜಿನಿಯರ್ ಸಾಹೇಬರು ಬಂದು ನಾಲ್ಕು ಮಾತಾಡುತ್ತಾರೆ, ಹನ್ನೊಂದಕ್ಕೆ ವ್ಯಾನು ಹೊರಡುತ್ತದೆ ಎಂದು ಅಳಿಯ ಹೇಳಿದ್ದ. ಸಾಹೇಬರು ಏನು ಮಾತಾಡುತ್ತಾರೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ಮನುಷ್ಯ ಅಂದಮೇಲೆ ಒಂದು ತಪ್ಪು ಆಗುತ್ತೆ, ನಾವು ಕ್ಷಮಿಸಿದ್ವಿ. ಅಷ್ಟರೊಳಗೆ, ಹೆಣ ಹೊಸ್ತಿಲು ದಾಟುವ ಮೊದಲು, ಕೈ ಕಳೆದುಕೊಂಡ ಆ ಒಬ್ಬ ಮನುಷ್ಯನಿಗಾದರೂ ತಪ್ಪು ಯಾರದೆಂದು ತಿಳಿಸಬೇಕು. ಉಳಿದವರು ಹಾಳಾಗಿ ಹೋಗಲಿ.

*

ಮದುವೆಯಾದ ಹೊಸತರಲ್ಲಿ ಅತ್ತೆಯ ಮನೆಯಲ್ಲಿ ಮೂವರು ಸೊಸೆಯರು. ಪಾತ್ರೆ ತೊಳೆಯುವುದು ದಿನಕ್ಕೊಬ್ಬರ ಸರದಿ. ಭಾನುವಾರ ನೆಂಟರು ಬಂದು ಪಾತ್ರೆ ಗುಡ್ಡವಾಗುತ್ತಿತ್ತು. ಆ ಗುಡ್ಡ ತನ್ನ ಪಾಲಿಗೆ ಬಂದ ದಿನ ಅವಳು ಮುಖ ಊದಿಸಿಕೊಂಡು ಕೂತಿದ್ದಾಗ ಗಂಡ ಪಕ್ಕಕ್ಕೆ ಬಂದು ಕೂತ.

"ಏಳು ದಿನದ ವಾರ ಮಾಡಿದವನಿಗೆ ಕೈ ಮುಗಿ. ಏಳನ್ನ ಮೂರರಿಂದ ಒಡೆಯೋಕಾಗಲ್ಲ. ಅದಕ್ಕೇ ಈ ಭಾನುವಾರ ನೀನು, ಮುಂದಿನದು ಸಣ್ಣತ್ತಿಗೆ, ಅದರಾಚೆಯದು ದೊಡ್ಡತ್ತಿಗೆ. ವಾರಕ್ಕೆ ಆರೇ ದಿನ ಇದ್ದಿದ್ರೆ ಜೀವಮಾನವಿಡೀ ಭಾನುವಾರ ನಿನ್ನ ತಲೆಗೇ."

ಸಂಖ್ಯೆ ಕಂಡರೆ ಒಡೆಯುವುದು ಅವನ ಚಾಳಿ. ಬಸ್ಸಿನ ನಂಬರು, ಮನೆ ನಂಬರು, ಆಸ್ಪತ್ರೆ ಚೀಟಿಯ ನಂಬರು, ಯಾವುದನ್ನೂ ಬಿಡುತ್ತಿರಲಿಲ್ಲ. ಎರಡರಿಂದ ಒಡೆದು, ಮೂರರಿಂದ ಒಡೆದು, ಇನ್ನು ಒಡೆಯದ ತುಂಡುಗಳು ಉಳಿದ ಮೇಲೆಯೇ ಅವನಿಗೆ ಸಮಾಧಾನ. ಮಗಳ ಶಾಲೆಯ ಪುಸ್ತಕದಲ್ಲಿ ಅವಕ್ಕೆ ಅವಿಭಾಜ್ಯ ಸಂಖ್ಯೆ ಎಂದಿತ್ತು. ಅವನು ಗಟ್ಟಿ ಕಾಳು ಎನ್ನುತ್ತಿದ್ದ.

ಭಾರ ಎತ್ತುವ ಯಂತ್ರಕ್ಕೆ ಹೊಸ ಚಕ್ರಗಳು ಬೇಕಾದಾಗ ಸಾಹೇಬರು ನಕ್ಷೆಯಲ್ಲಿ ದೊಡ್ಡದಕ್ಕೆ ತೊಂಬತ್ತಾರು ಹಲ್ಲು, ಚಿಕ್ಕದಕ್ಕೆ ನಲವತ್ತೆಂಟು ಎಂದು ಬರೆದರು. ಅವನು ನಕ್ಷೆ ಹಿಡಿದುಕೊಂಡು ಅವರ ಕೋಣೆಗೆ ಹೋದ. ತೊಂಬತ್ತಾರರ ಹೊಟ್ಟೆಯಲ್ಲಿ ಐದು ಎರಡು, ಒಂದು ಮೂರು. ನಲವತ್ತೆಂಟರ ಹೊಟ್ಟೆಯಲ್ಲಿ ನಾಲ್ಕು ಎರಡು, ಒಂದು ಮೂರು. ಸುತ್ತಿ ಸುತ್ತಿ ಅವವೇ ಹಲ್ಲುಗಳು ಎದುರಾಗುತ್ತವೆ. ಚಿಕ್ಕ ಚಕ್ರದ ಒಂದು ಹಲ್ಲಿಗೆ ಏಟು ಬಿದ್ದಿದ್ದರೂ ಅದು ದಿನವಿಡೀ ದೊಡ್ಡದರ ಅದೇ ಎರಡು ಹಲ್ಲನ್ನು ಜಜ್ಜುತ್ತದೆ. ದೊಡ್ಡದಕ್ಕೆ ತೊಂಬತ್ತೇಳು ಕೊಯ್ದರೆ, ಅದು ಗಟ್ಟಿ ಕಾಳು, ಪ್ರತಿ ಹಲ್ಲೂ ಪ್ರತಿ ಹಲ್ಲನ್ನು ಮುಟ್ಟಿ ಸವೆತ ಹಂಚಿಹೋಗುತ್ತದೆ. ಆದರೆ ಒಡೆಯದ ಸಂಖ್ಯೆಗೆ ಹಲ್ಲು ಕೊಯ್ಯುವ ಯಂತ್ರ ಹೊಂದಿಸುವುದು ತ್ರಾಸದ ಕೆಲಸ, ಎರಡು ದಿನ ಹೆಚ್ಚು ಬೇಕು. ಸಾಹೇಬರ ಹತ್ತಿರ ಆ ಎರಡು ದಿನ ಇರಲಿಲ್ಲ. "ನಕ್ಷೆ ಬರೆಯೋನು ನಾನಾ, ನೀನಾ?" ಎಂದರಂತೆ.

ಸಂಜೆ ಮನೆಗೆ ಬಂದು ಅವಳಿಗೆ ಎಲ್ಲ ಹೇಳಿದ. ಅವಳೂ ಏನೋ ಹೇಳಿದಳು. ಮಾರನೆಯ ದಿನ ತೊಂಬತ್ತಾರೇ ಕೊಯ್ದ.

ಹದಿನಾಲ್ಕು ತಿಂಗಳಿಗೆ ಚಕ್ರ ಮುರಿಯಿತು. ವಿಚಾರಣೆಯಲ್ಲಿ ಹಲ್ಲು ಕೊಯ್ದವನ ಕೈತಪ್ಪು ಎಂದು ಬರೆದು ಅವನ ತಲೆಯ ಮೇಲೆ ಗೂಬೆ ಕೂರಿಸಿದರು. ಈ ಮಹಾನುಭಾವ ಅದಕ್ಕೂ ಸಹಿ ಹಾಕಿ ಬಂದ. ನಿವೃತ್ತಿಯಾಗುವವರೆಗೆ ಪೊರಕೆ ಹಿಡಿದು ಕಬ್ಬಿಣದ ಚೂರು ಗುಡಿಸಿದ. ಅಂಗಡಿಯಲ್ಲಿ, ನಲ್ಲಿಯ ಹತ್ತಿರ, ಮಗಳ ಶಾಲೆಯ ಬಾಗಿಲಲ್ಲಿ ಅವಳು 'ಕೈ ತೆಗೆದವನ ಹೆಂಡ್ತಿ' ಆದಳು. ನಿಜ ಹೇಳಿಬಿಡ್ರೀ ಎಂದರೆ ಗೋಡೆ ನೋಡುತ್ತ ಕೂರುತ್ತಿದ್ದ. ಆ ಗೋಡೆಗೇ ಅವನ ತಲೆ ಚಚ್ಚಬೇಕು ಅನ್ನಿಸುತ್ತಿತ್ತು ಅವಳಿಗೆ. ಇವತ್ತು ಬೆಳಿಗ್ಗೆ ಅವನ ಮುಖ ಒರೆಸುವಾಗಲೂ ಅನ್ನಿಸಿತು.

*

ಅವಳು ಬೀದಿ ದಾಟಿ ಎದುರುಮನೆಯ ಕಟ್ಟೆಯ ಮುಂದೆ ನಿಂತಳು. ಕ್ರೇನಣ್ಣ ಎದ್ದು ನಿಂತ.

"ಒಳಗೆ ಬರಲ್ವಾ ಕ್ರೇನಣ್ಣ? ಒಂದೇ ಡಬ್ಬಿಯಲ್ಲಿ ಉಂಡೋರು ನೀವಿಬ್ಬರು."

"ಯಾವ ಮುಖ ಇಟ್ಕೊಂಡು ಬರಲಿ ಅತ್ತಿಗೆ?"

"ಮುಖ ಇಲ್ಲದಿರೋದು ನಮಗೆ. ಇಲ್ಲಿ ಕೇಳಿ. ಅವರು ತಪ್ಪು ಕೊಯ್ದಿಲ್ಲ. ತೊಂಬತ್ತಾರು ಅಂತ ಬರೆದಿದ್ದು ಸಾಹೇಬ್ರು. ಇವರು ಬೇಡ ಅಂತ ಹೇಳಿದ್ರು."

"ಗೊತ್ತು."

"ಏನು ಗೊತ್ತು?"

"ಎಲ್ಲಾ. ಕೊಯ್ದ ದಿನ ಊಟಕ್ಕೆ ಕೂತಾಗಲೇ ಹೇಳಿದ. ಭಾರ ಎತ್ತಿದಾಗ ಹತ್ರ ನಿಲ್ಲಬೇಡ ಕಣೋ, ಆ ಚಕ್ರ ನಂಬಬೇಡ ಅಂದ. ನಾನು ನಕ್ಕೆ." ಅವನು ನೆಲ ನೋಡುತ್ತಿದ್ದ. "ವಿಚಾರಣೆಗೆ ಮುಂಚೆ ಸಾಹೇಬ್ರು ಆಸ್ಪತ್ರೆಗೆ ಬಂದ್ರು. ಸುಮ್ಮನಿದ್ರೆ ಸ್ಟೋರಿನಲ್ಲಿ ಕುರ್ಚಿ, ಬಾಯಿ ಬಿಟ್ರೆ ಮನೆ ದಾರಿ ಅಂದ್ರು. ನಾನು ಇವನನ್ನೇ ಕೇಳಿದೆ. ನೀನು ಬಾಯಿ ಮುಚ್ಕೊಂಡಿರು, ಗೊತ್ತಿದ್ದೂ ಕೊಯ್ದವನು ನಾನು ಅಂದ. ಆಮೇಲೆ ನಿಮ್ಮ ಬಾಗಿಲು ತುಳಿಯೋಕೆ ಧೈರ್ಯ ಬರಲಿಲ್ಲ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಓಹೋ. ಇಬ್ಬರೂ ಕೂತು ಮಾತಾಡ್ಕೊಂಡ್ರಿ. ಒಬ್ಬನಿಗೆ ಕುರ್ಚಿ, ಒಬ್ಬನಿಗೆ ಪೊರಕೆ. ನನ್ನನ್ನ ಕೇಳಿದ್ರಾ? ನಲ್ಲಿ ಹತ್ರ ಮಾತು ಕೇಳಿಸ್ಕೊಂಡು ನಿಂತಿದ್ದೋಳು ನಾನು. ಹೆಣ್ಣು ನೋಡೋಕೆ ಬಂದೋರು ಕೈ ತೆಗೆದವನ ಮಗಳಾ ಅಂತ ಎದ್ದು ಹೋದಾಗ ಅವರು ಕುಡಿದಿಟ್ಟ ಲೋಟ ತೊಳೆದೋಳು ನಾನು."

"ತಪ್ಪಾಯ್ತು ಅತ್ತಿಗೆ."

"ನನ್ನ ಹತ್ರ ಅಲ್ಲ. ಅಲ್ಲಿ ಹೋಗಿ ಹೇಳಿ."

*

ಸಾಹೇಬರು ಬಂದು, ಮೆಟ್ಟಿಲ ಮೇಲೆ ನಿಂತು, ಆಗಲೇ ಶುರು ಹಚ್ಚಿಕೊಂಡಿದ್ದರು. ಬೆನ್ನು ಬಾಗಿದ್ದರೂ ಮಾತಿನ ಬೆಣ್ಣೆ ಹಾಗೇ ಇತ್ತು. "ಅಪರೂಪದ ಕೆಲಸಗಾರ. ಮನುಷ್ಯ ಅಂದಮೇಲೆ ಒಂದು ತಪ್ಪು..."

"ಎಷ್ಟು ಹಲ್ಲು ಅಂತ ಬರೆದಿದ್ರಿ?" ಎಂದಳು ಅವಳು, ಬೀದಿಯ ನಡುವಿನಿಂದಲೇ.

"ಈಗ ಅದೆಲ್ಲ ಯಾಕಮ್ಮ. ಇದು ಅದಕ್ಕೆ ಸಮಯವಲ್ಲ."

"ಇಪ್ಪತ್ತೆರಡು ವರ್ಷದಿಂದ ಆ ಸಮಯ ಬಂದೇ ಇಲ್ಲ. ಎಷ್ಟು ಹೇಳಿ."

ಸಾಹೇಬರು ಕರವಸ್ತ್ರಕ್ಕೆ ಜೇಬು ತಡಕಿದರು. ಅವಳ ಹಿಂದಿನಿಂದ ಕ್ರೇನಣ್ಣ, "ತೊಂಬತ್ತಾರು," ಎಂದ. ಮುಂದೆ ಬಂದು ನಿಂತು ಇನ್ನೊಮ್ಮೆ ಹೇಳಿದ. "ತೊಂಬತ್ತಾರು ಅಂತ ಬರೆದಿದ್ದು ಸಾಹೇಬ್ರು. ಇವನು ತೊಂಬತ್ತೇಳು ಬೇಕು ಅಂದಿದ್ದ. ವಿಚಾರಣೆಯಲ್ಲಿ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೋನು ನಾನು."

ಮುಂದಿನ ಸಾಲಿನಿಂದ ಲೇತ್ ಯಂತ್ರದ ಮುದುಕ ಎದ್ದ. "ಆ ನಕ್ಷೆ ನಾನೂ ನೋಡಿದ್ದೆ." ಅವನ ಪಕ್ಕದವನು, "ನಮಗೂ ಗೊತ್ತೇ ಇತ್ತು ಅನ್ನಿ," ಎಂದ. ಹಿಂದೆ ಇನ್ನಿಬ್ಬರು ತಲೆಯಾಡಿಸಿದರು. ಈಗ ಹೇಳುವುದಕ್ಕೆ ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು.

ಗೆದ್ದೆ ಅನ್ನಿಸಬೇಕಿತ್ತು ಅವಳಿಗೆ. ಅನ್ನಿಸಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಇಡೀ ಕಾರ್ಖಾನೆ, ಗೊತ್ತಿದ್ದುಕೊಂಡೇ, ಅವನು ಗುಡಿಸಿದ ನೆಲದ ಮೇಲೆ ಓಡಾಡಿಕೊಂಡಿತ್ತು.

ವ್ಯಾನಿನವನು ಸ್ಟ್ರೆಚರ್ ತಂದು ನಡುಮನೆಯಲ್ಲಿಟ್ಟ. ಹೆಣವನ್ನು ಅದರ ಮೇಲೆ ಮಲಗಿಸಿದ್ದಾಯಿತು. ಹೊತ್ತುಕೊಳ್ಳಲು ಹತ್ತು ಗಂಡಸರು ಒಟ್ಟಿಗೇ ನುಗ್ಗಿದರು. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಆವಾಗಲೇ ಗೊತ್ತಿದ್ದವರು ಯಾರೂ ಮುಟ್ಟಬೇಡಿ."

ಚಾಚಿದ ಕೈಗಳು ಹಿಂದೆ ಹೋದವು. ಕ್ರೇನಣ್ಣನ ಒಂದು ಕೈಯೂ ಹೋಯಿತು. ತಲೆಯ ಕಡೆ ಒಂದು ಹಿಡಿಯನ್ನು ಅಳಿಯ ಹಿಡಿದ, ಇನ್ನೊಂದನ್ನು ಮಗಳು. ಪಕ್ಕದ ಮನೆಯ ಟೈಲರಮ್ಮ ಈ ಬೀದಿಗೆ ಬಂದು ಎರಡೇ ವರ್ಷವಾಗಿತ್ತು, ಅವಳು ಬಂದು ಕಾಲ ಕಡೆ ಒಂದನ್ನು ಹಿಡಿದಳು. ಉಳಿದ ಹಿಡಿಗೆ ಇವಳೇ ಬಗ್ಗಿ ಕೈ ಹಾಕಿದಳು.

ಸಾಹೇಬರ ಕೋಣೆಗೆ ನಕ್ಷೆ ಹಿಡಿದುಕೊಂಡು ಹೋಗಿಬಂದ ಆ ಸಂಜೆ ಅವನು ಗ್ರೀಸು ಮೆತ್ತಿದ ಕೈಯನ್ನೂ ತೊಳೆಯದೆ ಬಂದು ಕೂತು, ನಾಳೆ ಕೊಯ್ಯಲ್ಲ ಅಂತ ಹೇಳಿಬಿಡಲಾ ಎಂದು ಕೇಳಿದ್ದ. ಅವಳು ಮಗಳಿಗೆ ಜಡೆ ಹಾಕುತ್ತಿದ್ದಳು. ತಲೆಯನ್ನೂ ಎತ್ತಿರಲಿಲ್ಲ.

"ಅವರು ಬರೆದಿದ್ದು ಕೊಯ್ದು ಬನ್ನಿ. ಒಂದು ಹಲ್ಲಿಗೋಸ್ಕರ ಕೆಲಸ ಕಳ್ಕೋತೀರಾ?"

"ಹೂಂ, ಎತ್ತಿ," ಎಂದ ಅಳಿಯ.

ಮೂರು ಮೂಲೆ ಮೇಲೆದ್ದವು. ನಾಲ್ಕನೆಯದು ನೆಲ ಬಿಡಲಿಲ್ಲ. ಹೆಣ ಆ ಕಡೆಗೆ ಒಂದಿಷ್ಟು ಜಾರಿತು.

"ಅಮ್ಮ, ಹಿಡ್ಕೋ," ಎಂದಳು ಮಗಳು.

ಅವಳು ನೆಟ್ಟಗೆ ನಿಂತಿದ್ದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.